ದೊಡ್ಡೋರ ಪಿಚ್ಚರ್

ನಮ್ಮ ಕಡೆ "ದೊಡ್ಡೋರ ಪಿಚ್ಚರ್" ಅಂದ್ರ ಎರಡು ಅರ್ಥ ಅವ. ಒಂದು, ಪೋಸ್ಟರಿನ ಮೂಲ್ಯಾಗ ದುಂಡಗ ಗೆರಿ ಹೊಡೆದು "ಎ" ಅಂತ ಬರೆದಿರ್ತದಲ್ಲ, ಗಂಡಸ್ರು ಮುಂಜಾನಿ ಆಟಕ್ಕ ಮಾರಿಗೆ ಟಾವೆಲ್ ಸುತ್ತಿಕೊಂಡು ಹೋಗಿ ಬರ್ತಿದ್ರಲ್ಲ, ಅದು. ಇನ್ನೊಂದು, ಲಗ್ನ, ಬಾಣಂತನ, ವಿಧವಿತನ, ಸಂಶಯ, ಸಾಲ, ಬುದ್ಧಿ ತಪ್ಪೋದು, ಇಂಥವನ್ನ ಇಟ್ಟುಕೊಂಡು ದೊಡ್ಡವರು ದೊಡ್ಡವರಿಗಂತನ ಮಾಡಿದ್ದು. ಮೊದಲನೇದು ಎರಡನೇದರ ಹೆಸರು ಕೆಡಿಸಿಬಿಟ್ಟದ. ನಾ ಇವತ್ತು ಬರೆಯೋದು ಎರಡನೇದರ ಬಗ್ಗೆ.

ನಮ್ಮ ಸಣ್ಣ ವೈನಿ ಯಾವಾಗಲೂ ಅಂತಾರ: "ಮನ್ಯಾಗ ಗೋಳು ಕಡಿಮಿ ಅದ ಏನು, ರೊಕ್ಕ ಕೊಟ್ಟು ಮಂದಿ ಗೋಳು ನೋಡಾಕ?" ಮಾತು ಸುಳ್ಳಲ್ಲ. ಆದ್ರ ಅದೇ ವೈನಿ, ಅದೇ ಅತ್ತೇರು, ಅದೇ ಓಣಿ ಹೆಣ್ಮಕ್ಕಳು ಒಂದು ಕಾಲಕ್ಕ ಗೋಳಿನ ಪಿಚ್ಚರಿಗೆ ಸಾಲುಗಟ್ಟಿ ನಿಂತೋರು. ಅದು ಹೆಂಗ ಬಂತು, ಎಲ್ಲಿ ಹೋಯ್ತು ಅನ್ನೋದು ಕೇಳೋಹಂಗ ಅದ.

ಮೊದಲ "ಎ" ಕತಿ ಮುಗಿಸಿಬಿಡ್ತೀನಿ. ಸಿನಿಮಾಟೋಗ್ರಾಫ್ ಕಾಯ್ದೆ ಬಂದದ್ದು 1952ರಾಗ. ಎಲ್ಲರೂ ನೋಡಬಹುದಾದದ್ದಕ್ಕ "ಯು", 18 ತುಂಬಿದೋರಿಗೆ ಮಾತ್ರ "ಎ". ಮೂವತ್ತು ವರ್ಷ ಇವೆರಡೇ. ನಡುವಿನ "ಯು/ಎ" ಬಂದದ್ದು 1983ರಾಗ. 2023ರಾಗ ಅದನ್ನೂ ಮತ್ತ ಒಡೆದು 7, 13, 16 ವರ್ಷ ಅಂತ ಮಾಡ್ಯಾರ. ಕಾಯ್ದೆ ಪ್ರಕಾರ "ಎ" ಅಂದ್ರ ವಯಸ್ಸಿನ ಗುರುತು ಅಷ್ಟೇ, ಹೊಲಸು ಅಂತ ಅಲ್ಲ. ಆದ್ರ ಊರಾಗ ಹಂಗ ಉಳಿಲಿಲ್ಲ. ಆ ಅಕ್ಷರ ಬಿದ್ದ ಪಿಚ್ಚರಿಗೆ ಮನಿಮಂದಿ ಹೋಗೋದು ಬಂದಾಯ್ತು. 1998ರಾಗ ಉಪೇಂದ್ರ ತನ್ನ ಪಿಚ್ಚರಿಗೇ "ಎ" ಅಂತ ಹೆಸರಿಟ್ಟು ಆಟ ಆಡಿಬಿಟ್ಟ, ಅದು ಬ್ಯಾರೆ ಮಾತು.

ರಾಯಚೂರಿನ ಮಾತಿಗೆ ಬರೋಣ. ನಾವು 1948ರ ತನಕ ನಿಜಾಮನ ರಾಜ್ಯದಾಗ ಇದ್ದೋರು, 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯಕ್ಕ ಸೇರಿದೋರು. ಕಚೇರಿಯೊಳಗ ಉರ್ದು, ಗಂಜಿನೊಳಗ ತೆಲುಗು, ಮನ್ಯಾಗ ಕನ್ನಡ. ಟಾಕೀಸಿನೊಳಗೂ ಹಂಗೇ: ಹಿಂದಿ, ತೆಲುಗು ಜಾಸ್ತಿ, ಕನ್ನಡ ಆಮ್ಯಾಲ. ನಮ್ಮ ಅತ್ತಿಯೋರು ಹೇಳೋ ಪ್ರಕಾರ ಹೆಣ್ಮಕ್ಕಳಿಗೆ ಬ್ಯಾರೆ ಬಾಗಲ, ಬ್ಯಾರೆ ಟಿಕೀಟಿನ ಕಿಂಡಿ, ಕುಂಡ್ರೋ ಜಾಗಕ್ಕ ಪರದಾ. ದೀಪ ಆರಿದ ಮ್ಯಾಲ ಪರದಾ ಸರಿಸೋದು, ದೀಪ ಹತ್ತೋಕಿಂತ ಮೊದಲ ಎಳೆಯೋದು. ದೇವದುರ್ಗ, ಮಾನ್ವಿ ಕಡೆ ಹಳ್ಳಿಗೆ ಸುಗ್ಗಿ ಆದಮ್ಯಾಲ ಟೂರಿಂಗ್ ಟಾಕೀಸು ಬಂದ್ರ ಬಂತು. ಇಲ್ಲಾಂದ್ರ ಬಯಲಾಟ, ಕಂಪನಿ ನಾಟಕ. ಪಿಚ್ಚರ್ ಅಂದ್ರ ದೇವರ ಕತಿ, ರಾಜರ ಕತಿ. ಹೆಂಗಸಿನ ಕತಿ ಅಂದ್ರ ಸತಿ ಸಾವಿತ್ರಿ ಅಷ್ಟೇ.

ಆ ಗೆರಿ ದಾಟಿಸಿದ್ದು ಸಿನಿಮಾದೋರಿಗಿಂತ ಮೊದಲ ಕಾದಂಬರಿ ಬರೆದ ಹೆಣ್ಮಕ್ಕಳು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ. ಇವರ ಪುಸ್ತಕ ಬಾಡಿಗಿ ಲೈಬ್ರರಿಯಿಂದ ಒಂದು ಮನಿಗೆ ಬಂದ್ರ ನಾಕು ಮನಿ ತಿರುಗಿ, ಅರಿಷಿಣದ ಕೈಗುರುತು ಹಚ್ಚಿಕೊಂಡು ವಾಪಸ್ ಹೋಗೋದು. ತ್ರಿವೇಣಿ ಹುಟ್ಟಿದ್ದು 1928ರಾಗ, ತೀರಿಕೊಂಡದ್ದು 1963ರಾಗ. 35 ಸೈತ ತುಂಬಿದ್ದಿಲ್ಲ. ತನ್ನ ಕತಿಗಳು ಪಿಚ್ಚರ್ ಆದದ್ದನ್ನ ಆಕಿ ಕಣ್ಣಿಲೆ ನೋಡಲೇ ಇಲ್ಲ. "ಬೆಳ್ಳಿಮೋಡ" ಬಂದದ್ದು 1967ಕ್ಕ, "ಹಣ್ಣೆಲೆ ಚಿಗುರಿದಾಗ" 1968ಕ್ಕ, "ಶರಪಂಜರ" ಅದರ ಆಮ್ಯಾಲ.

"ಬೆಳ್ಳಿಮೋಡ" ಪುಟ್ಟಣ್ಣ ಕಣಗಾಲರ ಮೊದಲ ಕನ್ನಡ ಪಿಚ್ಚರ್. ಆಸ್ತಿಗೆ ಒಬ್ಬಳೇ ವಾರಸುದಾರಳು ಅಂತ ಇಂದಿರಾನ್ನ ಒಪ್ಪಿಕೊಂಡ ಹುಡುಗ, ಆಕಿಗೊಬ್ಬ ತಮ್ಮ ಹುಟ್ಟಿದ ಕೂಡಲೇ ಬ್ಯಾಡ ಅಂತಾನ. ಆಮ್ಯಾಲ ಅಂವ ಬಿದ್ದು ಕಾಲು ಮುರ್ಕೊಂಡಾಗ ಇಂದಿರಾನೇ ಆರೈಕಿ ಮಾಡ್ತಾಳ. ಆಗ ಅಂವಗ ಬುದ್ಧಿ ಬಂದು ಲಗ್ನ ಆಗೋಣ ಅಂದ್ರ, ಈಕಿ ಒಲ್ಲೆ ಅಂತಾಳ. ಅಷ್ಟೇ ಕತಿ. 1967ರಾಗ ಒಬ್ಬ ನಾಯಕಿ ನಾಯಕಗ ಒಲ್ಲೆ ಅಂದು, ಸಾಯದ, ಅಳದ, ಬಾಳೇವು ಮಾಡ್ತಾಳ. ಈ ಮಾತು ಜರಾ ನೆನಪಿಟ್ಟುಕೊಳ್ರಿ, ಮುಂದ ಬೇಕಾಗ್ತದ.

1969ರಾಗ "ಗೆಜ್ಜೆಪೂಜೆ", ಎಂ.ಕೆ. ಇಂದಿರಾ ಅವರ ಕಾದಂಬರಿ. ರಾಷ್ಟ್ರಪ್ರಶಸ್ತಿ ಬಂತು. ಬೆಂಗಳೂರಿನ ಹೆಣ್ಮಕ್ಕಳು ಅದನ್ನ ಹೆಂಗ ನೋಡಿದ್ರೋ ಏನೋ. ನಮ್ಮಲ್ಲಿ ನೋಡಿದ್ದು ಬ್ಯಾರೆ ಕಣ್ಣಿಲೆ. ಯಾಕಂದ್ರ ಸೂಳೆಗಾರಿಕಿ ಮನ್ಯಾಗ ಹುಟ್ಟಿದ ಚಂದ್ರಾ ಅನ್ನೋ ಹುಡುಗಿಗೆ ಓದಬೇಕು, ಲಗ್ನ ಆಗಬೇಕು, ಎಲ್ಲರಂಗ ಇರಬೇಕು ಅನ್ನೋ ಆಸಿ. ಅಜ್ಜಿಗೆ ಗೆಜ್ಜಿ ಕಟ್ಟಿಸಬೇಕು ಅನ್ನೋ ಹಟ. ದೇವದುರ್ಗ, ಮಾನ್ವಿ, ಲಿಂಗಸುಗೂರು ತಾಲೂಕಿನೋರಿಗೆ ಇದು ಪರದೇ ಮ್ಯಾಲಿನ ಕತಿ ಅಲ್ಲ. ಮುತ್ತು ಕಟ್ಟೋದು, ಬಸವಿ ಬಿಡೋದು, ದೇವರಿಗೆ ಬಿಡೋದು, ಹೆಸರು ಯಾವುದಾದ್ರೂ ಇಟ್ಕೊಳ್ರಿ. ನಮ್ಮ ಓಣಿ ಆಚೆ ಓಣ್ಯಾಗ ಬದುಕಿದ ಹೆಣ್ಮಕ್ಕಳ ಬಾಳೇವು ಅದು. ಅದನ್ನ ತಡೆಯೋ ಕಾಯ್ದೆ ಕರ್ನಾಟಕದಾಗ ಆದದ್ದು 1982ರಾಗ, ಪಿಚ್ಚರ್ ಬಂದು 13 ವರ್ಷ ಆದಮ್ಯಾಲ. ಕಾಯ್ದೆ ಬಂದಮ್ಯಾಲೂ ಕದ್ದುಮುಚ್ಚಿ ನಡೀತು.

ನನ್ನ ತಕರಾರು ಒಂದದ. ಆ ಪಿಚ್ಚರಿನಾಗ ಚಂದ್ರಾನ ದುಃಖಕ್ಕ ನಾವೆಲ್ಲ ಸೆರಗು ತೊಯ್ಸಿಕೊಂಡ್ವಿ. ನಮ್ಮ ಓಣ್ಯಾಗ ನೀರು ಕೇಳಾಕ ಬಂದ ಜೋಗತಿ ಮಗಳಿಗೆ ಮಾತ್ರ ಮ್ಯಾಲಿನಿಂದ ನೀರು ಹುಯ್ಯೋದು ಬಿಡಲಿಲ್ಲ. ಚಂದ್ರಾಗ ಜಾತಿ ಇದ್ದಿಲ್ಲ, ಕಲ್ಪನಾನ ಮಾರಿ ಇತ್ತು. ನಮ್ಮ ಕಡೆ ಮುತ್ತು ಕಟ್ಟಿದ್ದು ಬಡ ದಲಿತರ ಹುಡುಗೇರಿಗೆ. ಪಿಚ್ಚರ್ ಆ ಮಾತು ಆಡಲಿಲ್ಲ. ಆಡಿದ್ರ ಅಷ್ಟು ಓಡ್ತಿತ್ತೋ ಇಲ್ಲೋ.

ಈಗ "ಶರಪಂಜರ". ಇದರ ಬಗ್ಗೆ ಜರಾ ಹೆಚ್ಚು ಬರೀತೀನಿ.

ಕಾವೇರಿ ಅನ್ನೋ ಗೃಹಿಣಿ. ಛಲೋ ಗಂಡ, ಛಲೋ ಮನಿ. ಎರಡನೇ ಕೂಸು ಹಡೆದ ಮ್ಯಾಲ ಬುದ್ಧಿ ಸ್ಥಿಮಿತ ತಪ್ಪತದ. ದವಾಖಾನಿಗೆ ಸೇರಿಸ್ತಾರ, ಆರಾಮಾಗಿ ಮನಿಗೆ ಬರ್ತಾಳ. ಪಿಚ್ಚರಿನ ಜೀವ ಇರೋದು ಅಲ್ಲಿಂದ ಮುಂದಕ್ಕ. ಆಕಿ ಆರಾಮಾಗ್ಯಾಳ, ಆದ್ರ ಮನಿ ನಂಬೋದಿಲ್ಲ. ನಕ್ಕರ ಹುಚ್ಚು, ಅತ್ತರ ಹುಚ್ಚು, ಜೋರು ಮಾತಾಡಿದ್ರ ಹುಚ್ಚು. ಬಾಜೂ ಮನಿಯೋರು ಮಕ್ಕಳನ್ನ ದೂರ ಸರಿಸ್ತಾರ. ಗಂಡನ ಮನಸ್ಸು ಬ್ಯಾರೆ ಕಡೆ ಹೋಗ್ಯದ. ಕೊನಿಗೆ ಆಕಿಗೆ ಖರೇನೇ ಬುದ್ಧಿ ತಪ್ಪತದ. ಬ್ಯಾನಿ ಆಕಿಗೆ ಒಮ್ಮೆ ಬಂದಿತ್ತು. ಎರಡನೇ ಸಲ ತಂದುಕೊಟ್ಟದ್ದು ಮನಿಮಂದಿ.

ನಮ್ಮ ಸೋದರತ್ತಿ ಒಬ್ಬಾಕಿ ಇದ್ದಳು, ಮಾನ್ವಿ ತಾಲೂಕಿನ ಹಳ್ಳಿಗೆ ಕೊಟ್ಟಿದ್ರು. ನಾ ಆಗ ಕೈಗೂಸು, ಇದೆಲ್ಲ ಅವ್ವ ಹೇಳಿದ್ದು. ಹಡೆದು ಎಂಟು ದಿನಕ್ಕ ಆಕಿ ಕೂಸಿಗೆ ಮೊಲಿ ಕೊಡೋದು ಬಿಟ್ಟಳು, ನಿದ್ದಿ ಬಿಟ್ಟಳು, ಕೂಸನ್ನ ಯಾರೋ ಬದಲಿ ಮಾಡ್ಯಾರ ಅಂತ ಕೂಗಾಡಾಕ ಹತ್ತಿದಳು. ಗಾಳಿ ಬಡದದ ಅಂದ್ರು. ಯಂತ್ರ ಕಟ್ಟಿಸಿದ್ರು, ಬೇವಿನ ತಪ್ಪಲದಿಂದ ಹೊಡೆದ್ರು, ಅಮಾಸಿ ಅಮಾಸಿಗೆ ಹೊತ್ತುಕೊಂಡು ಹೋಗಿ ಗುಡಿ ಮುಂದ ಕುಂಡ್ರಿಸಿದ್ರು. ಒಂದು ವರ್ಷದಾಗ ಆಕಿ ತಾನೇ ಸುಮ್ಮನಾದಳು. ಅಷ್ಟರಾಗ ಗಂಡ ಇನ್ನೊಬ್ಬಾಕಿನ್ನ ಮಾಡ್ಕೊಂಡಿದ್ದ.

"ಶರಪಂಜರ" ನಮ್ಮ ಕಡೆ ಬಂದಾಗ ಅವ್ವ, ದೊಡ್ಡವ್ವ, ಬಾಜೂ ಮನಿಯ ಇಬ್ಬರು ಕೂಡಿ ಮ್ಯಾಟ್ನಿಗೆ ಹೋಗಿದ್ರಂತ. ತಿರುಗಿ ಬರೋ ಮುಂದ ಒಬ್ಬರೂ ಮಾತಾಡಲಿಲ್ಲಂತ. ಮನಿಗೆ ಬಂದು ಒಲಿ ಹಚ್ಚೋ ಮುಂದ ಅವ್ವ ಅಂದಳಂತ, "ಆಕಿಗೆ ಗಾಳಿ ಅಲ್ಲ, ಬಾಣಂತಿ ಬ್ಯಾನಿ." ಅಪ್ಪ ಬೈದ್ರು, ಪಿಚ್ಚರ್ ನೋಡಿ ತಲಿ ಕೆಟ್ಟದ ಅಂತ. ಆದ್ರ ಮುಂದಿನ ಪಂಚಮಿಗೆ ಅವ್ವ ಜಗಳ ಮಾಡಿ ಸೋದರತ್ತಿನ್ನ ಕರೆಸಿದಳು. ಮೂರು ತಿಂಗಳು ಇಟ್ಕೊಂಡಳು. ಆಕಿ ನಮ್ಮ ಮನ್ಯಾಗ ಹಪ್ಪಳ ಸಂಡಿಗಿ ಮಾಡಿದಳು, ನನಗ ಎಣ್ಣಿ ಹಚ್ಚಿ ಎರೆದಳು. ಕೂಸನ್ನ ಆಕಿ ಕೈಯಾಗ ಕೊಟ್ಟೀ ಏನು ಅಂತ ಕೇಳಿದೋರಿಗೆ ಅವ್ವ ಹೇಳಿದ್ದು, "ಹೌದು, ನನ್ನ ಕೂಸನ್ನೇ ಕೊಟ್ಟೀನಿ."

ಊರು ಮಾತ್ರ ಆಕಿನ್ನ ಸಾಯೋ ತನಕ ಹುಚ್ಚಿ ಅಂತಲೇ ಕರೀತು. ಪಿಚ್ಚರಿನಿಂದ ಊರು ಬದಲಾಯ್ತು ಅಂತ ನಾ ಹೇಳೋದಿಲ್ಲ. ಒಂದು ಮನ್ಯಾಗ ಒಂದು ಶಬ್ದ ಬದಲಾಯ್ತು.

ಇದನ್ನ ಓದೋರೊಳಗ ಹೊಸ ಬಾಣಂತ್ಯಾರ ತಾಯಂದಿರು ಅದೀರಿ, ಅದಕ್ಕ ಇಲ್ಲೇ ಹೇಳಿಬಿಡ್ತೀನಿ. ಈ ಬ್ಯಾನಿ ಸಾವಿರ ಬಾಣಂತ್ಯಾರೊಳಗ ಒಬ್ಬಿಬ್ಬರಿಗೆ ಬರ್ತದ, ಬಹಳ ಮಾಡಿ ಹಡೆದ ಎರಡು ವಾರದೊಳಗ. ನಿದ್ದಿ ಪೂರಾ ಹೋಗೋದು, ಇಲ್ಲದ್ದು ಕಾಣೋದು, ಕೂಸಿನ ಬಗ್ಗೆ ವಿಪರೀತ ಅನುಮಾನ, ಇವು ಗುರುತು. ಔಷಧದಿಂದ ವಾಸಿ ಆಗ್ತದ. ತಡ ಮಾಡಬಾರದು, ಅವತ್ತೇ ದವಾಖಾನಿಗೆ ಕರಕೊಂಡು ಹೋಗ್ರಿ, ತಾಯಿ ಕೂಸು ಇಬ್ಬರನ್ನೇ ಬಿಡಬ್ಯಾಡ್ರಿ. ಮನಸ್ಸಿನ ತ್ರಾಸಿಗೆ ಸರಕಾರದ ಪುಕ್ಕಟೆ ಫೋನ್ 14416 ಅದ, ಕನ್ನಡದಾಗೂ ಮಾತಾಡ್ತಾರ.

1973ರಾಗ "ಎಡಕಲ್ಲು ಗುಡ್ಡದ ಮೇಲೆ". ಭಾರತೀಸುತರ ಕಾದಂಬರಿ, ಜಯಂತಿ ಮಾಧವಿ ಆಗಿ ಮಾಡ್ಯಾರ. ದಾಂಪತ್ಯಸುಖ ಕೊಡಾಕ ಆಗದ ಗಂಡ, ವಯಸ್ಸಿನ ಹೆಂಡತಿ, ಮನಿಗೆ ಬಂದ ಒಬ್ಬ ಹರೇದ ಹುಡುಗ. ಇದನ್ನ ನೋಡಿದ್ದೀನಿ ಅಂತ ನಮ್ಮ ಅತ್ತೇರ ಕಾಲದೋರು ಯಾರೂ ಬಾಯಿ ಬಿಟ್ಟು ಹೇಳೋದಿಲ್ಲ. ಆದ್ರ ಎಲ್ಲರಿಗೂ ಕತಿ ಗೊತ್ತು! ಹೆಂಗಸಿಗೂ ಶರೀರ ಅದ, ಅದಕ್ಕೂ ಹಸಿವು ಅದ ಅನ್ನೋದನ್ನ ಮಂದಿ ಮುಂದ ಇಟ್ಟ ಪಿಚ್ಚರ್ ಅದು. ಇಟ್ಟು, ಕೊನಿಗೆ ಮಾಧವಿನ್ನ ಸಾಯಿಸಿಬಿಡ್ತು.

ನಾ ಬಹಳ ದಿನದಿಂದ ಲೆಕ್ಕ ಹಾಕಾಕ ಹತ್ತೀನಿ. ಚಂದ್ರಾ ಸಾಯ್ತಾಳ. ಕಾವೇರಿಗೆ ಬುದ್ಧಿ ತಪ್ಪತದ. ಮಾಧವಿ ಸಾಯ್ತಾಳ. 1981ರ "ರಂಗನಾಯಕಿ"ಯೊಳಗ ನಾಟಕ ಕಂಪನಿ ನಟಿ, ಆಕಿನೂ ಸಾಯ್ತಾಳ. ಪುಟ್ಟಣ್ಣನೋರು ನಮ್ಮ ಸಂಕಟ ಅಂಥಾ ದೊಡ್ಡ ಪರದೇ ಮ್ಯಾಲ ತಂದ್ರು, ಅದಕ್ಕ ಋಣಿ ಇದ್ದೀನಿ. ಆದ್ರ ಬಾಗಲದಾಗ ಸುಂಕ ಕೊಟ್ಟೇ ಒಳಗ ತಂದ್ರು. ಹೆಂಗಸು ಬಾಯಿ ತೆರೆದ್ಲು ಅಂದ್ರ ಕೊನಿಗೆ ಸಾಯಬೇಕು, ಇಲ್ಲಾ ಹುಚ್ಚಿ ಆಗಬೇಕು. ಆಗ ಗಂಡಸ್ರೂ ಕಣ್ಣೀರು ಹಾಕಿ, ಪಾಪ ಅಂದು, ಸಮಾಧಾನದಿಂದ ಮನಿಗೆ ಹೋಗ್ತಾರ. ಅದಕ್ಕೇ ನಾ "ಬೆಳ್ಳಿಮೋಡ"ದ ಇಂದಿರಾನ್ನ ನೆನಪಿಟ್ಕೊಳ್ರಿ ಅಂದದ್ದು. ಅದೇ ಪುಟ್ಟಣ್ಣ, ಅದೇ ಕಲ್ಪನಾ. ಒಲ್ಲೆ ಅಂದಾಕಿ ಬದುಕಿದ್ಲು.

ಆದ್ರ ಒಂದು ಮಾತು ಒಪ್ಪಬೇಕು, ಇವೆಲ್ಲ ನಡು ಬಜಾರಿನ ಪಿಚ್ಚರ್. ವಿಜಯಭಾಸ್ಕರ್, ಎಂ. ರಂಗರಾವ್ ಅವರ ಹಾಡು ಇದ್ವು, ಕಲ್ಪನಾನ ಸೀರಿ, ಜಡಿ, ಉದ್ದ ತೋಳಿನ ಜಂಪರ್ ಇತ್ತು, ರೇಡಿಯೋದಾಗ ವಾರಕ್ಕೊಮ್ಮೆ ಹಾಡು ಬರ್ತಿದ್ವು. ಹಾಡಿನ ಸಂಗಾಟ ವಿಷಯನೂ ಒಳಗ ಇಳೀತು. ಆ ಕಲ್ಪನಾನೂ ಕೊನಿಗಾಲಕ್ಕ ನಮ್ಮ ಉತ್ತರ ಕರ್ನಾಟಕದ ನಾಟಕ ಕಂಪನ್ಯಾಗ ಬಣ್ಣ ಹಚ್ಚಿ, 1979ರ ಮೇ ತಿಂಗಳಾಗ ಸಂಕೇಶ್ವರದ ಹತ್ರ ತೀರಿಕೊಂಡ್ಲು. 40 ತುಂಬಿದ್ದಿಲ್ಲ.

ಅದೇ ಕಾಲಕ್ಕ ಇನ್ನೊಂದು ದಾರಿ ಇತ್ತು, ಪ್ರಶಸ್ತಿ ಪಿಚ್ಚರಿನ ದಾರಿ. 1970ರ "ಸಂಸ್ಕಾರ"ವನ್ನ ಮದ್ರಾಸಿನ ಸೆನ್ಸಾರಿನೋರು ತಡೆದಿದ್ರು, ಆಮ್ಯಾಲ ಬಿಟ್ಟರು. ಕನ್ನಡಕ್ಕ ಮೊದಲ ಸ್ವರ್ಣಕಮಲ ಅದರಿಂದ ಬಂತು. 1977ರಾಗ ಗಿರೀಶ ಕಾಸರವಳ್ಳಿ ಅವರ "ಘಟಶ್ರಾದ್ಧ", ಬಸುರಾದ ವಿಧವಿಗೆ ಜೀವ ಇರೋವಾಗಲೇ ಶ್ರಾದ್ಧ ಮಾಡೋ ಕತಿ. 1983ರಾಗ ಪ್ರೇಮಾ ಕಾರಂತರ "ಫಣಿಯಮ್ಮ". ಹೆಂಗಸರ ಕತಿಯನ್ನ ಹೆಂಗಸೇ ಬರೆದು ಹೆಂಗಸೇ ಪಿಚ್ಚರ್ ಮಾಡಿದ್ದು ಅಂದ್ರ ಅದು. ಬಾಲವಿಧವೆ ಫಣಿಯಮ್ಮ ಮುದುಕಿ ಆಗೋ ತನಕ ಬದುಕಿ, ತನಗಾದ ಅನ್ಯಾಯ ಇನ್ನೊಬ್ಬಾಕಿಗೆ ಆಗೋ ಮುಂದ ಅಡ್ಡ ನಿಲ್ತಾಳ. ಇವು ನಮ್ಮೂರ ಟಾಕೀಸಿಗೆ ಬಂದದ್ದು ನನಗಂತೂ ನೆನಪಿಲ್ಲ. ನಾ ನೋಡಿದ್ದು ದೂರದರ್ಶನದಾಗ, ಐತವಾರ ಮಧ್ಯಾಹ್ನ, ಊಟ ಆದಮ್ಯಾಲ, ಗಂಡಸ್ರು ಅಡ್ಡಾಗಿ ಗೊರಕಿ ಹೊಡಿಯೋ ಹೊತ್ತಿಗೆ. ಹಿಂದಿಯೊಳಗ ಶ್ಯಾಮ್ ಬೆನೆಗಲ್ಲರ "ಅಂಕುರ್" ಹಂಗೇ ನೋಡಿದ್ದು. ಅದರಾಗಿನ ದಖನಿ ಮಾತು ಕೇಳಿ ನಮ್ಮ ಬಾಜೂ ಮನಿ ಖಾಲಾ "ಇದು ನಮ್ಮ ಮಾತು!" ಅಂತ ಎದ್ದು ಕುಂತಿದ್ರು.

ಟಿವಿ ಮಾತು ಬಂತಂತ ಹೇಳ್ತೀನಿ. ಬೆಂಗಳೂರಿನ ಬಹಳ ಮನ್ಯಾಗ ಟಿವಿ ಇಲ್ಲದಾಗ ರಾಯಚೂರು ಜಿಲ್ಲಾದ ಹಳ್ಳಿಗೆ ಟಿವಿ ಬಂದಿತ್ತು. 1975ರ ಆಗಸ್ಟಿನಿಂದ 1976ರ ಜುಲೈ ತನಕ ಉಪಗ್ರಹದಿಂದ ಹಳ್ಳಿಗಳಿಗೆ ಪಾಠ ತೋರಿಸೋ ಪ್ರಯೋಗ ನಡೀತು. ಆರು ರಾಜ್ಯದ 2,400 ಹಳ್ಳಿ. ಕರ್ನಾಟಕದಾಗ ರಾಯಚೂರು, ಗುಲಬರ್ಗಾ, ಬಿಜಾಪುರ ಕಡೆಯವು. ಒಕ್ಕಲುತನ, ಆರೋಗ್ಯ, ಶಾಲಿ ಪಾಠ. ಒಂದು ವರ್ಷಕ್ಕ ಮುಗೀತು, ಪೆಟ್ಟಿಗಿ ಸುಮ್ನಾದ್ವು.

ಮತ್ತ ಟಿವಿ ಬಂದದ್ದು ಮನಿ ಮನಿಗೆ, ಆವಾಗ ಹೆಣ್ಮಕ್ಕಳು ಟಾಕೀಸು ಬಿಟ್ಟರು. ಪುಟ್ಟಣ್ಣ 1985ರಾಗ "ಮಸಣದ ಹೂವು" ಮುಗಿಸೋಕಿಂತ ಮೊದಲ ತೀರಿಕೊಂಡ್ರು, ಅದನ್ನ ಕೆ.ಎಸ್.ಎಲ್. ಸ್ವಾಮಿ ಮುಗಿಸಿದ್ರು. 90ರ ದಶಕದಾಗ ಟಾಕೀಸು ಹುಡುಗರ ಜಾಗ ಆಯ್ತು, ಹೊಡೆದಾಟ, ಸೀಟಿ, ಬೀಡಿ ಹೊಗಿ. ಹೆಣ್ಮಕ್ಕಳು ಬರೋದಿಲ್ಲ ಅಂತ ಅವರ ಕತಿ ಮಾಡಲಿಲ್ಲ, ಅವರ ಕತಿ ಇಲ್ಲಂತ ಹೆಣ್ಮಕ್ಕಳು ಬರಲಿಲ್ಲ. ಯಾವುದು ಮೊದಲು ಅಂತ ಕೇಳಿದ್ರ ನನ್ನ ಮಾತು ಇಷ್ಟೇ: ಪರದಾ ಎಳೆಯೋ ಕಾಲದಾಗೂ ನಮಗೊಂದು ಜಾಗ ಇತ್ತು, ಈಗ ಅದೂ ಹೋಗಿತ್ತು.

ಕತಿ ಮಾತ್ರ ಪೂರಾ ಸಾಯಲಿಲ್ಲ, ಧಾರಾವಾಹಿಗೆ ಬಂತು. 1998ರಾಗ ಟಿ.ಎನ್. ಸೀತಾರಾಂ ಅವರ "ಮಾಯಾಮೃಗ", ಆಮ್ಯಾಲ ಈಟಿವಿಯಾಗ "ಮನ್ವಂತರ", "ಮುಕ್ತ". ಅಡಿಗಿ ಮನಿಯಿಂದ ಕೋರ್ಟಿನ ತನಕ ಹೆಣ್ಮಕ್ಕಳು ವಾದ ಮಾಡಿದ್ರು. ನಮ್ಮ ಜಿಲ್ಲಾದಾಗೇ ಕರೆಂಟ್ ತಯಾರಾಗ್ತದ, ಆದ್ರ ವಾದ ರಂಗೇರೋ ಹೊತ್ತಿಗೆ ಕರೆಂಟ್ ಹೋಗ್ತಿತ್ತು. ಮರುದಿನ ಮುಂಜಾನಿ ನಳದ ಹತ್ರ ಇನ್ನೊಂದು ಓಣಿಯೋರ ಕೂಡ ಕತಿ ಕೇಳಿ ಪೂರಾ ಮಾಡ್ಕೊತಿದ್ವಿ. ಈಗಿನ ಸೀರಿಯಲ್ಲಿನ ಸೊಸಿ ಅತ್ತಿ ವಿಷ ಹಾಕೋ ಆಟದ ಬಗ್ಗೆ ನಾ ಏನೂ ಬರೆಯೋದಿಲ್ಲ.

2018ರಾಗ ಮಂಸೋರೆ ಅವರ "ನಾತಿಚರಾಮಿ" ಬಂತು. ಲಗ್ನದಾಗ ವರ ಕೊಡೋ ವಚನದ ಶಬ್ದ ಅದು, ಮೀರಿ ನಡೆಯೋದಿಲ್ಲ ಅಂತ. ಗಂಡ ತೀರಿಹೋದ ಗೌರಿ, ನೌಕರಿ ಮಾಡ್ತಾಳ, ಒಬ್ಬಾಕಿನೇ ಇರ್ತಾಳ. ಗಂಡನ ನೆನಪೂ ಬಿಡೋದಿಲ್ಲ, ಶರೀರದ ಬಯಕಿನೂ ಬಿಡೋದಿಲ್ಲ. ಮಾಧವಿ ಕತಿಯೇ, 45 ವರ್ಷ ಆದಮ್ಯಾಲ. ಗೌರಿ ಆಗಿ ಶ್ರುತಿ ಹರಿಹರನ್ ಮಾಡ್ಯಾರ, ರಾಷ್ಟ್ರಪ್ರಶಸ್ತಿನೂ ಬಂದ್ವು. ಈ ಸಲ ಆಕಿ ಸಾಯೋದಿಲ್ಲ. ನನ್ನ ಮಗಳು ಇದನ್ನ ನನ್ನ ಬಾಜೂ ಕುಂತು ನೋಡಿದ್ಲು. ನಾ ನಮ್ಮವ್ವನ ಬಾಜೂ "ಎಡಕಲ್ಲು" ನೋಡೋದು ಕನಸಿನ್ಯಾಗೂ ಸಾಧ್ಯ ಇದ್ದಿಲ್ಲ.

ಆದ್ರೂ ಗೌರಿ ಬೆಂಗಳೂರಾಕಿ. ನಮ್ಮ ಮಾತಿನ, ನಮ್ಮ ಮಣ್ಣಿನ ದೊಡ್ಡೋರ ಪಿಚ್ಚರ್ ಬಂದದ್ದು ಮೊನ್ನೆ ಮೊನ್ನೆ, 2024ರಾಗ, ಒಂದಲ್ಲ ಎರಡು. ಮಾರ್ಚದಾಗ "ಫೋಟೋ". ಮಾಡಿದಾತ ಉತ್ಸವ್ ಗೋನವಾರ, ನಮ್ಮ ರಾಯಚೂರು ಕಡೆಯವ. ಪ್ರಕಾಶ್ ರಾಜ್ ಬೆನ್ನಿಗೆ ನಿಂತು ಅದನ್ನ ಥೇಟರಿಗೆ ತಂದ್ರು. ವಿಧಾನಸೌಧದ ಮುಂದ ಫೋಟೋ ತೆಗೆಸಿಕೊಳ್ಳೋ ಆಸಿಗೆ ದುರ್ಗ್ಯಾ ಅನ್ನೋ ಹುಡುಗ ಬೆಂಗಳೂರಿಗೆ ಕೂಲಿ ಮಾಡೋ ಅಪ್ಪನ ಹತ್ರ ಹೋಗ್ತಾನ. ಅಷ್ಟರಾಗ 2020ರ ಮಾರ್ಚಿನ ಲಾಕ್‌ಡೌನ್. ಬಸ್ಸಿಲ್ಲ, ಕೂಲಿ ಇಲ್ಲ, ಊರಿಗೆ ನಡಕೊಂಡು ಬರಬೇಕು. ದೇವದುರ್ಗದಿಂದ ಗುಳೆ ಹೋಗೋದು ಅಂದ್ರ ಏನು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಮನಿಗೆ ಕೀಲಿ ಹಾಕಿ, ಮುದುಕರನ್ನ ಕಟ್ಟಿ ಮ್ಯಾಲ ಬಿಟ್ಟು ಹೋಗೋರನ್ನ ಪ್ರತಿ ವರ್ಷ ನೋಡ್ತೀವಿ. ಕೊನಿ ನಾ ಹೇಳೋದಿಲ್ಲ, ನೀವೇ ನೋಡ್ರಿ.

ಜೂನದಾಗ "ಶಿವಮ್ಮ ಯರೇಹಂಚಿನಾಳ". ಜೈಶಂಕರ್ ಆರ್ಯರ್ ಮಾಡಿದ್ದು, ರಿಷಬ್ ಶೆಟ್ಟಿ ರೊಕ್ಕ ಹಾಕಿದ್ದು. 2022ರಾಗ ಕೊರಿಯಾ ದೇಶದ ಬೂಸಾನ್ ಚಿತ್ರೋತ್ಸವದಾಗ ದೊಡ್ಡ ಪ್ರಶಸ್ತಿ ತಗೊಂಡು ಬಂತು. ಯರೇಹಂಚಿನಾಳ ನಮ್ಮ ಬಾಜೂ ಕೊಪ್ಪಳ ಜಿಲ್ಲಾದ ಖರೇ ಹಳ್ಳಿ. ಶಿವಮ್ಮ ಆಗಿ ಮಾಡಿದ ಶರಣಮ್ಮ ಚೆಟ್ಟಿ ಅವರ ಮಾರಿ ಮ್ಯಾಲ ಬಣ್ಣ ಇಲ್ಲ. ನಮ್ಮ ಸಂತ್ಯಾಗ ಕಾಯಿಪಲ್ಯ ಆರಿಸೋ ಯಾರಾದ್ರೂ ಆಗಬಹುದು. ಶಾಲಿಯೊಳಗ ಬಿಸಿಯೂಟ ಮಾಡೋಕಿ, ಗಂಡಗ ಲಕ್ವ ಹೊಡೆದದ, ಮನಿಮ್ಯಾಲ ಸಾಲ, ಮಗಳ ಲಗ್ನ ಬಾಕಿ. ಒಬ್ಬರ ಕೆಳಗ ಒಬ್ಬರನ್ನ ಸೇರಿಸಿ ಶಕ್ತಿಪುಡಿ ಮಾರೋ ವ್ಯಾಪಾರಕ್ಕ ಬಿದ್ದು, ಊರೆಲ್ಲ ತಿರುಗಿ ಮಾರ್ತಾಳ. ಆಕಿ ಸತಿಯೂ ಅಲ್ಲ, ಪಾಪದಾಕಿಯೂ ಅಲ್ಲ. ಸುಳ್ಳು ಹೇಳ್ತಾಳ, ಹಟ ಮಾಡ್ತಾಳ, ನಂಬ್ತಾಳ. ಅಳಿಸಾಕ ಹಾಡು ಇಲ್ಲ, ಕೊನಿಗೆ ಸಾಯಿಸೋದೂ ಇಲ್ಲ. ನೋಡ್ತಾ ನೋಡ್ತಾ ನಗು ಬರ್ತದ, ಆಮ್ಯಾಲ ನಕ್ಕದ್ದಕ್ಕ ಒಂಥರಾ ಆಗ್ತದ. ನಮ್ಮ ಓಣ್ಯಾಗೂ ಇಂಥ ಡಬ್ಬಿ ಎಷ್ಟು ಮನಿ ಮಾಡದಾಗ ಧೂಳು ತಿನ್ನಾಕ ಹತ್ಯಾವು ಅಂತ ನಿಮಗೆಲ್ಲ ಗೊತ್ತದ. ಯಾರು ಯಾರಿಗೆ ಮಾರಿದ್ರು ಅನ್ನೋದೂ ಗೊತ್ತದ.

ಇದನ್ನ ನಮ್ಮ ಅತ್ತಿಯೋರಿಗೆ ಮೊಬೈಲಿನ್ಯಾಗ ತೋರಿಸಿದೆ. ಅವರಿಗೆ ಕಣ್ಣು ಮಂಜು, ಆದ್ರ ಮಾತು ನಮ್ಮದೇ ಅಲ್ಲ, ಕೇಳ್ಕೊಂತ ಕುಂತಿದ್ರು. ಗೋಳು ಅಂತ ಒಮ್ಮಿನೂ ಅನ್ನಲಿಲ್ಲ. ಅರ್ಧದಾಗ ತಡೆದು ಕೇಳಿದ್ದು ಒಂದೇ ಮಾತು: "ಆ ಡಬ್ಬಿ ಎಷ್ಟಕ್ಕ ಮಾರ್ತಾಳಬೇ ಆಕಿ?"